ಚಾವಣಿಗೆ ಬಿದ್ದ ಚಿತ್ರ

ಪ್ರೊಜೆಕ್ಟರಿನ ಬೆಳಕು ಚಾವಣಿಗೇನೋ ಬಿತ್ತು, ಆದರೆ ಚಿತ್ರ ತಲೆಕೆಳಗಾಗಿತ್ತು. ತಂಗಿ ರಿಮೋಟ್ ಒತ್ತಿದಳು, ಕೊಡವಿದಳು, ಮತ್ತೆ ಒತ್ತಿದಳು. ಜಪ್ಪಯ್ಯ ಎಂದರೂ ಅದು ಅಲುಗಲಿಲ್ಲ. ಮಂಚದ ಮೇಲೆ ಅಂಗಾತ ಮಲಗಿದ್ದ ಅಕ್ಕ ಬಸ್ ಡ್ರೈವರ್. ಅಪಘಾತದಲ್ಲಿ ಸೊಂಟ ಮುರಿದಂದಿನಿಂದ ಅವಳಿಗೆ ಯಾವುದೂ ಬೇಡವಾಗಿತ್ತು. ಯಾರು ಏನು ಕೇಳಿದರೂ ಹೂಂ, ಉಹೂಂ, ಅಷ್ಟೇ.

ತಂಗಿ ಪ್ರೊಜೆಕ್ಟರಿನ ಮೇಲಿದ್ದ ಗುಂಡಿಗಳನ್ನೇ ಒಂದೊಂದಾಗಿ ಒತ್ತತೊಡಗಿದಳು. ಚಿತ್ರ ಹಸಿರಾಯಿತು, ಹಿಗ್ಗಿತು, ಮಂಕಾಯಿತು, ನೆಟ್ಟಗಾಗಲಿಲ್ಲ. "ಥೂ, ಇದರ ಮನೆ ಹಾಳಾಗ!"

"ರಿಮೋಟನ್ನ ಈ ಕಡೆಯಿಂದ ತೋರಿಸೇ. ಪ್ರೊಜೆಕ್ಟರಿನ ಸಿಗ್ನಲ್ ಹಿಡಿಯೋ ಕೆಂಪು ಗಾಜು ನನ್ನ ಕಡೆಗಿದೆ."

ತಂಗಿ ಬೆಚ್ಚಿ ತಿರುಗಿದಳು. ಅಕ್ಕ ಪ್ರೊಜೆಕ್ಟರನ್ನೇ ಓರೆಗಣ್ಣಿನಿಂದ ನೋಡುತ್ತಿದ್ದಳು. ತಂಗಿ ಮಂಚದ ಪಕ್ಕ ಬಂದು ಒತ್ತಿದಳು. ಮೆನು ತೆರೆಯಿತು. ತಿರುಗಿಸುವ ಆಯ್ಕೆ ಸಿಕ್ಕಿತು, ಚಿತ್ರ ಮಗುಚಿ ನೆಟ್ಟಗಾಯಿತು. ಒಂದು ಬದಿ ಮಾತ್ರ ಅಗಲವಾಗಿ ಸೊಟ್ಟಗೇ ಉಳಿಯಿತು.

"ಸಾಕು ಬಿಡಕ್ಕ, ಇಷ್ಟು ಕಂಡ್ರೆ ಆಯ್ತಲ್ಲ," ಎಂದಳು ತಂಗಿ.

"ಎಲ್ಲಿ ಸಾಕು? ಆ ಮೂಲೆ ನೋಡು, ಹೇಗೆ ಎಳ್ಕೊಂಡಿದೆ!" ಅಕ್ಕ ಹೊದಿಕೆಯಿಂದ ಕೈ ಹೊರಗೆ ಚಾಚಿದಳು. "ಕೊಡಿಲ್ಲಿ ರಿಮೋಟು. ಅದನ್ನ ಸರಿ ಮಾಡೋ ಗುಂಡಿ ಯಾವ್ದು, ನೋಡೇ ಬಿಡ್ತೀನಿ."