ಬರೀ ಮಗ್ಗ

"ಒಂದ ನಿಮಿಷ ಓಡಸ್ರಿ ಮಾವಾರ, ಸಾಕು," ಎಂದು ನೇತ್ರಾ ಮೊಬೈಲನ್ನು ಮಗ್ಗದ ಅಂಚಿಗಿಟ್ಟಳು. ಮನೆಯ ಸದ್ದುಗಳನ್ನು ರೆಕಾರ್ಡ್ ಮಾಡಿ ಆನ್‌ಲೈನಿನಲ್ಲಿ ಯಾವುದೋ ಕಂಪನಿಗೆ ಕಳಿಸಿದರೆ ಅವಳಿಗೆ ಕೈಖರ್ಚಿಗೆ ದುಡ್ಡು ಬರುತ್ತಿತ್ತು. ಕುಕ್ಕರಿನ ಸೀಟಿ, ರೊಟ್ಟಿ ಬಡಿಯುವ ಸದ್ದು ಆಗಲೇ ಹೋಗಿದ್ದವು. ಮಗ್ಗದ ಸದ್ದಿಗೆ ಎಲ್ಲಕ್ಕಿಂತ ಹೆಚ್ಚು ಕೊಡುತ್ತಿದ್ದರು.

"ನೂಲ ಇಲ್ಲಲ್ಲ ಯವ್ವಾ. ಬರೀ ಮಗ್ಗಾ ಓಡಸಬಾರದು. ನಮ್ಮಪ್ಪ ಇದ್ದಿದ್ರ ಕೈ ಮುರೀತಿದ್ದ," ಎಂದ ದುಂಡಪ್ಪ.

"ಅವರಿಗೆ ಸೀರಿ ಬ್ಯಾಡ್ರಿ, ಸದ್ದಷ್ಟ ಬೇಕು."

ಮಗ್ಗವನ್ನು ಗುಜರಿಗೆ ಕೊಂಡಿದ್ದ ಮದಾರಸಾಬ ಬಾಗಿಲಲ್ಲಿ ಬೋಲ್ಟು ಬಿಚ್ಚುವ ಪಾನಾ ಹಿಡಿದು ನಿಂತಿದ್ದ. "ಲಗೂ ಮುಗಸ್ರಿ ಕಾಕಾ. ಖಾಸಬಾಗದಾಗ ಇನ್ನೂ ಎರಡ ಮಗ್ಗಾ ಬಿಚ್ಚೂದೈತಿ. ಎಲ್ಲಾರೂ ಹಿಂಗ ಹಾಡಸ್ಕೋತ ಕುಂತ್ರ ನನ್ನ ಗತಿ ಏನ್ರಿ?"

ದುಂಡಪ್ಪ ಕರೆಂಟ್ ಮಗ್ಗದ ಬಟನ್ ಒತ್ತಿದ. ನೂಲಿಲ್ಲದ ಲಾಳಿ ಅತ್ತಿಂದಿತ್ತ ಬಡಿದಾಡಿತು. ನೇಯ್ದದ್ದನ್ನು ಸವರಿ ನೋಡುವ ರೂಢಿಯ ಬೆರಳು ಮುಂದೆ ಹೋಗಿ, ಬರೀ ಕಬ್ಬಿಣ ಮುಟ್ಟಿ, ಹಿಂದೆ ಬಂತು.

ಸಂಜೆ ಕಂಪನಿಯ ಉತ್ತರ ಬಂತು. ಸದ್ದಿನಲ್ಲಿ ಮನುಷ್ಯರ ದನಿ ಸೇರಿದೆ, ತೆಗೆದುಕೊಳ್ಳಲು ಬರುವುದಿಲ್ಲ, ಮತ್ತೊಮ್ಮೆ ಕಳಿಸಿ. ಮತ್ತೊಮ್ಮೆ ಕಳಿಸಲು ಮಗ್ಗ ಎಲ್ಲಿತ್ತು? ಮದಾರಸಾಬನ ಟೆಂಪೋದಲ್ಲಿ ತುಂಡುತುಂಡಾಗಿ ಹೋಗಿಯಾಗಿತ್ತು.

"ನೀವ್ಯಾಕ ಮಾತಾಡಿದ್ರಿ ಮಾವಾರ? ಎಲ್ಲಾ ಹಾಳಾತು!"

ದುಂಡಪ್ಪ ಮಗ್ಗವಿದ್ದ ಜಾಗದ ಎಣ್ಣೆಯ ಕಲೆ ಒರೆಸುತ್ತಿದ್ದ. ನೇತ್ರಾ ಸಿಟ್ಟಿನಿಂದ ರೆಕಾರ್ಡಿಂಗ್ ಹಚ್ಚಿ ಮೊಬೈಲನ್ನು ಕಿವಿಗೆ ಒತ್ತಿ ಹಿಡಿದಳು. ಲಾಳಿಯ ಹೊಡೆತಗಳ ನಡುವೆ ಮುದುಕನ ದನಿ ಮಗ್ಗಕ್ಕೆ ಹೇಳುತ್ತಿತ್ತು:

"ಇದ ಕಡೀದು. ಉಪಾಸ ದುಡಸಾಕತ್ತೇನಿ. ಸಿಟ್ಟಾಗಬ್ಯಾಡವ್ವಾ."