ಅಧ್ಯಕ್ಷರ ಮನೆಯ ಕಾಕರ್ ಮರಿ

ಲಿಫ್ಟಿನ ಬಾಗಿಲು ಇನ್ನೇನು ಮುಚ್ಚಿಕೊಳ್ಳಬೇಕು, ಅಷ್ಟರಲ್ಲಿ ಮೂರನೇ ಮಹಡಿಯ ಸುಲ್ಮಾ ಬ್ರೆಡ್ಡಿನ ಚೀಲ ಹಿಡಿದು ಒಳಗೆ ಬಂದರು. ಆನ್ಸೆಲ್ಮೊ ಬೆಂತಾಂಕೊರ್ ಕೈಯಲ್ಲಿದ್ದ ಕೇಕಿನ ಡಬ್ಬಿಯನ್ನು ಎದೆಗೆ ಅವುಚಿಕೊಂಡು ಗೋಡೆಯ ಕಡೆ ತಿರುಗಿದರು. ಡಬ್ಬಿ 'ಕುಂಯ್' ಎಂದಿತು. ಆನ್ಸೆಲ್ಮೊ ಜೋರಾಗಿ ಕೆಮ್ಮಿದರು.

"ಏನು ಅಧ್ಯಕ್ಷರೇ, ಕೇಕ್ ಅಳ್ತಾ ಇದೆ?"

"ಕೆಮ್ಮು, ಸೆನ್ಯೋರಾ. ಮೊಂತೆವಿದೆಯೊದ ಚಳಿ ನಿಮಗೆ ಗೊತ್ತಲ್ಲ."

ಅದೇ ಹೊತ್ತಿಗೆ ಡಬ್ಬಿಯ ಮೂಲೆಯಿಂದ ಉದ್ದನೆಯ ಕಂದು ಕಿವಿಯೊಂದು ಹೊರಗೆ ಜೋತುಬಿತ್ತು. ಇಬ್ಬರೂ ಅದನ್ನು ನೋಡಿದರು. ಅವರ ತಲೆಯ ಮೇಲೆ ಗಾಜಿನ ಚೌಕಟ್ಟಿನಲ್ಲಿ ನಿವಾಸಿಗಳ ಸಂಘದ ಸೂಚನೆ ಇತ್ತು: 'ಈ ಕಟ್ಟಡದಲ್ಲಿ ಯಾವುದೇ ಪ್ರಾಣಿ ಸಾಕುವಂತಿಲ್ಲ.' ಕೆಳಗೆ ಅಧ್ಯಕ್ಷ ಆನ್ಸೆಲ್ಮೊ ಅವರದೇ ಸಹಿ. ಸುಲ್ಮಾ ಅದನ್ನು ಮೊದಲ ಸಲ ಓದುವವರ ಹಾಗೆ ನಿಧಾನವಾಗಿ ಓದಿ, ಮೂರನೇ ಮಹಡಿಯಲ್ಲಿ ಇಳಿದುಹೋದರು.

"ನಿನ್ನಿಂದ ನನ್ನ ಮಾನ ಹೋಯ್ತು!" ಏಳನೇ ಮಹಡಿ ತಲುಪಿದ್ದೇ ಆನ್ಸೆಲ್ಮೊ ಹೆಂಡತಿಯ ಮೇಲೆ ಹರಿಹಾಯ್ದರು. ನೇಲಿದಾ ತನ್ನ ಅರವತ್ತನೇ ಹುಟ್ಟುಹಬ್ಬಕ್ಕೆ ಕೇಳಿದ್ದು ಒಂದೇ ಒಂದು ಉಡುಗೊರೆ, ಕಾಕರ್ ಸ್ಪ್ಯಾನಿಯಲ್ ಜಾತಿಯ ನಾಯಿಮರಿ. ಆಕೆ ಡಬ್ಬಿ ತೆರೆಯುತ್ತಾ, "ಕಸ್ಟಮ್ಸಲ್ಲಿ ಮೂವತ್ತು ವರ್ಷ ಕಳ್ಳಮಾಲು ಹಿಡಿದವನಿಗೆ ಒಂದು ಮರಿ ಸಾಗಿಸೋಕೆ ಬರ್ಲಿಲ್ವಲ್ಲ, ಮುದುಕ!" ಎಂದಳು.

ಇಬ್ಬರೂ ಹುಟ್ಟಿದಾರಭ್ಯ ನಾಯಿ ಸಾಕಿದವರಲ್ಲ. ಆದರೆ ಆನ್ಸೆಲ್ಮೊಗೆ ನಿಯಮ ಬರೆಯುವುದು ಗೊತ್ತಿತ್ತು. ಸಂಜೆಯೊಳಗೆ ವೇಳಾಪಟ್ಟಿ ಸಿದ್ಧವಾಯಿತು: ಎಂಟಕ್ಕೆ ಆಹಾರ, ಎಂಟೂಇಪ್ಪತ್ತಕ್ಕೆ ಬಾಲ್ಕನಿ, ಒಂಬತ್ತಕ್ಕೆ ವಿಶ್ರಾಂತಿ. ಶಾಯಿ ಒಣಗಲೆಂದು ಅಡುಗೆಮನೆಯ ನೆಲದ ಮೇಲೆ ಇಟ್ಟಿದ್ದ ಆ ಹಾಳೆಯ ಮೇಲೆ ಮರಿ ಎಂಟೂಇಪ್ಪತ್ತರವರೆಗೆ ಕಾಯದೆ ಉಚ್ಚೆ ಹೊಯ್ದಿತು. ಆನ್ಸೆಲ್ಮೊ ಅದನ್ನು ಶಿಸ್ತಿನ ಉಲ್ಲಂಘನೆ ಎಂದು ಪರಿಗಣಿಸಿ ಎರಡನೇ ಪ್ರತಿ ಬರೆದರು.

ಊಟದ ವಿಷಯದಲ್ಲಿ ಮಾತ್ರ ಯಾವ ಪ್ರತಿಯೂ ಕೆಲಸಕ್ಕೆ ಬರಲಿಲ್ಲ. ನೇಲಿದಾ ಚಪ್ಪಟೆ ತಟ್ಟೆಯಲ್ಲಿ ಕೋಳಿಸಾರು ಕಲಸಿ ಇಡುವಳು. ಮರಿ ಮೂತಿ ಬಗ್ಗಿಸುವುದು, ಬೆಚ್ಚಿ ಹಿಂದಕ್ಕೆ ಹಾರುವುದು, ಓಡಿ ಒಲೆಯ ಹಿಂದೆ ಸೇರುವುದು. ಮಾರನೇ ದಿನ ಭಾನುವಾರ. ಪಶುವೈದ್ಯನ ಬಾಗಿಲಿಗೆ ಬೀಗ. ಮಧ್ಯಾಹ್ನದ ಹೊತ್ತಿಗೆ ಮರಿ ಅಳುವುದನ್ನೂ ನಿಲ್ಲಿಸಿತು.

"ಅಂತೂ ಶಿಸ್ತು ಕಲೀತು," ಎನ್ನುತ್ತಾ ಆನ್ಸೆಲ್ಮೊ ಬಗ್ಗಿ ಮುಟ್ಟಿದರು. ಹೊಟ್ಟೆ ಬೆನ್ನಿಗೆ ಅಂಟಿತ್ತು. ಅವರ ಕೈ ಅಲ್ಲೇ ನಿಂತಿತು.

"ಸುಲ್ಮಾನ ಕರ್ಕೊಂಡು ಬಾ," ಎಂದಳು ನೇಲಿದಾ.

"ಬೇರೆ ಯಾರನ್ನ ಬೇಕಾದ್ರೂ ಕರೀತೀನಿ."

"ಬೇರೆಯವ್ರಿಗೆ ಏನು ಗೊತ್ತು? ಈ ಕಟ್ಟಡದಲ್ಲಿ ನಾಯಿ ಸಾಕಿದ್ದವ್ರು ಅವ್ರೊಬ್ರೇ."

ಆನ್ಸೆಲ್ಮೊ ಲಿಫ್ಟ್ ಬಿಟ್ಟು ಮೆಟ್ಟಿಲು ಇಳಿದರು. ಬಾಗಿಲು ತೆರೆದ ಸುಲ್ಮಾ, "ದೂರು ಬರ್ಕೊಡ್ಬೇಕಾ? ಮೂರು ಪ್ರತಿ ಅಲ್ವಾ?" ಎಂದರು.

"ಅದು ತಿಂತಾ ಇಲ್ಲ, ಸೆನ್ಯೋರಾ. ನಿನ್ನೆಯಿಂದ."

ಸುಲ್ಮಾ ಒಳಗೆ ಹೋದವರು ಬಾಯಿ ಕಿರಿದಾದ, ಆಳವಾದ ಮಣ್ಣಿನ ಬಟ್ಟಲನ್ನೂ ಒಂದು ಹಳೇ ಉಣ್ಣೆಯ ಕಾಲುಚೀಲವನ್ನೂ ಹಿಡಿದು ಬಂದರು. ಮೇಲೆ ಬಂದು ಕಾಲುಚೀಲದ ತುದಿ ಕತ್ತರಿಸಿ ಮರಿಯ ತಲೆಗೆ ಏರಿಸಿ, ಎರಡೂ ಕಿವಿ ಅದರೊಳಗೆ ಸೇರಿಸಿದರು. ಸಾರು ಬೆಚ್ಚಗೆ ಮಾಡಿಸಿ ಬೆರಳ ತುದಿಯಲ್ಲಿ ನೆಕ್ಕಿಸಿದರು. ಆಮೇಲೆ ಮರಿ ತಾನಾಗಿಯೇ ಬಟ್ಟಲಿಗೆ ಮೂತಿ ಇಟ್ಟಿತು. ಟೊಪ್ಪಿಗೆ ಹಾಕಿದ ಮುದುಕಿಯ ಹಾಗೆ ಕಾಣುತ್ತಿದ್ದ ಅದು ಬಟ್ಟಲಿನ ತಳ ಕಾಣುವವರೆಗೆ ತಲೆ ಎತ್ತಲಿಲ್ಲ.

"ಕಿವಿ ಸಾರಿನಲ್ಲಿ ಅದ್ದಿ ಭಾರ ಆದ್ರೆ, ಯಾರೋ ಹಿಡ್ಕೊಂಡ ಹಾಗಾಗುತ್ತೆ ಪಾಪದ್ದಕ್ಕೆ. ಇವುಗಳಿಗೆ ತಟ್ಟೆ ಆಗಲ್ಲ," ಎಂದರು ಸುಲ್ಮಾ.

ನೇಲಿದಾ ಕಣ್ಣೊರೆಸಿಕೊಂಡಳು. ಆನ್ಸೆಲ್ಮೊ ಜೇಬಿನಿಂದ ಪೆನ್ನು ತೆಗೆದು, "ಇಂಥ ಬಟ್ಟಲು ಯಾವ ಅಂಗಡೀಲಿ ಸಿಗುತ್ತೆ?" ಎಂದರು.

"ಇದು ಪಿರಾತಾದು."

ಪಿರಾತಾ ಅಂದರೆ ಸುಲ್ಮಾ ಅವರ ಕಾಕರ್. ಅದಕ್ಕೆ ಹನ್ನೆರಡು ವರ್ಷ ತುಂಬಿತ್ತು. ಎರಡು ವರ್ಷದ ಹಿಂದೆ, ಮಾರ್ಚಿನಲ್ಲಿ, ನಿಯಮ ಪಾಸಾದ ಮರುದಿನವೇ ಆನ್ಸೆಲ್ಮೊ ಖುದ್ದಾಗಿ ನೋಟಿಸು ಕೊಟ್ಟು ಬಂದಿದ್ದರು. ಸುಲ್ಮಾ ನಾಯಿಯನ್ನು ದುರಾಸ್ನೊ ಊರಿನ ತಮ್ಮನ ಮನೆಗೆ ಕಳಿಸಿದ್ದರು.

"ಅಲ್ಲಿ ಹೊಂದಿಕೊಂಡಿದೆಯಾ?" ನೇಲಿದಾ ಕೇಳಿದಳು.

"ಇಪ್ಪತ್ತು ದಿನ ಬದುಕಿತ್ತು. ರಸ್ತೆ ಕಡೆ ನೋಡ್ತಾ ಕೂತಿರ್ತಿತ್ತಂತೆ." ಸುಲ್ಮಾ ಮರಿಯ ಗಲ್ಲ ಒರೆಸಿ ಎದ್ದರು. "ಬಟ್ಟಲು ಇಲ್ಲೇ ಇರ್ಲಿ. ಕಿವಿ ಒದ್ದೆ ಬಿಡಬೇಡಿ, ಸೋರುತ್ತೆ."

ಬುಧವಾರ ಕಾರು ನಿಲ್ಲಿಸುವ ನೆಲಮಾಳಿಗೆಯಲ್ಲಿ ಸಂಘದ ತುರ್ತು ಸಭೆ ಸೇರಿತು. ಆನ್ಸೆಲ್ಮೊ ಕೋಟು ತೊಟ್ಟು ಮಾತಾಡಿದರು. ಕಾಲ ಬದಲಾಗಿದೆ ಎಂದರು. ಯುರೋಪಿನ ಉದಾಹರಣೆ ಕೊಟ್ಟರು. ಹಿರಿಯ ನಾಗರಿಕರ ರಕ್ತದೊತ್ತಡಕ್ಕೆ ನಾಯಿ ಎಷ್ಟು ಹಿತ ಎಂದು ಅಂಕಿಅಂಶ ಓದಿದರು. ತಮ್ಮ ಮನೆಯಲ್ಲಿ ಮರಿ ಇದೆ ಎಂಬುದೊಂದನ್ನು ಬಿಟ್ಟು ಎಲ್ಲ ಹೇಳಿದರು. ಎರಡು ವರ್ಷದ ಹಿಂದೆ ನಿಷೇಧಕ್ಕೆ ಎತ್ತಿದ್ದ ಕೈಗಳೇ ಈಗ ಅನುಮತಿಗೂ ಮೇಲೆದ್ದವು. ಹಿಂದಿನ ಸಾಲಿನಲ್ಲಿ ಒಂದು ಕೈ ಮಾತ್ರ ಮಡಿಲಲ್ಲೇ ಇತ್ತು.

"ಏನು ಸೆನ್ಯೋರಾ ಸುಲ್ಮಾ, ನೀವೇ ವಿರೋಧಾನಾ?" ಯಾರೋ ನಕ್ಕರು.

"ವಿರೋಧ ಇಲ್ಲ. ನಿಯಮ ಯಾವತ್ತಿಂದ ಜಾರಿ, ಅಧ್ಯಕ್ಷರೇ?"

"ಇವತ್ತಿಂದಲೇ," ಎಂದು ಆನ್ಸೆಲ್ಮೊ ಪೆನ್ನು ಬಿಚ್ಚಿದರು.

"ಎರಡು ವರ್ಷದ ಹಿಂದಿನ ಮಾರ್ಚಿಂದ ಅಂತ ಬರ್ಕೊಳ್ಳಿ. ಆಗ ಕೈ ಎತ್ತುತ್ತೀನಿ."