ಬಾಗಿಲಿಗೆ ಒತ್ತು ಕೊಟ್ಟ ತುಂಡು

"ಆಸ್ಪತ್ರೆ ದೋಣಿ ಕರೆಸೋಣ ಅಂದ್ರೆ ದ್ವೀಪದಲ್ಲಿ ಒಂದು ಫೋನೂ ಹೋಗ್ತಿರಲಿಲ್ಲ ಮಾವ," ಎಂದ ಮೀನುಗಾರನ ಅಳಿಯ. ಅವನ ಅಂಗೈ ತುಂಬ ಬೊಕ್ಕೆ ಎದ್ದಿತ್ತು. "ನಿಮ್ಮ ಮಗಳಿಗೆ ಹೊಟ್ಟೆನೋವು ತಡೆಯೋಕಾಗ್ದೆ ನಾವೇ ಹುಟ್ಟು ಹಾಕ್ಕೊಂಡು ಹೊರಟ್ವಿ. 'ಅಪ್ಪಂಗೆ ಇನ್ನೊಂದ್ಸಲ ಫೋನ್ ಮಾಡಿ, ಅವ್ರು ಎದುರಿಗೆ ಬಂದೇ ಬರ್ತಾರೆ' ಅಂತಿದ್ಲು. ಅರ್ಧ ದಾರೀಲಿ ಸುಮ್ಮನಾದ್ಲು."

ಅತ್ತೆ ಗೋಡೆ ಹಿಡಿದು ಕುಸಿದಳು. ಮೀನುಗಾರನ ಕಣ್ಣು ಮಾತ್ರ ಬಾಗಿಲು ಬಡಿಯದಂತೆ ಒತ್ತು ಕೊಟ್ಟಿದ್ದ ಗೇಣುದ್ದದ ಕರಿ ತುಂಡಿನ ಮೇಲಿತ್ತು. ಐದು ದಿನದ ಹಿಂದೆ ಅವನ ಲಂಗರು ಕಡಲ ತಳದ ಕೇಬಲ್ಲಿಗೆ ಸಿಕ್ಕಿಕೊಂಡಿತ್ತು. ಯಾವುದೋ ಕಾಲದ ಸತ್ತ ತಂತಿಯೆಂದುಕೊಂಡು ಎರಡೂ ಕಡೆ ಗರಗಸದಿಂದ ಕೊಯ್ದು ಲಂಗರು ಬಿಡಿಸಿಕೊಂಡಿದ್ದ. "ಮೀನು ತನ್ನಿ ಅಂದ್ರೆ ಇದನ್ನ ತಂದಿದೀರಲ್ಲ. ಇರಲಿ, ಬಾಗಿಲಿಗಾದ್ರೂ ಆಗತ್ತೆ," ಎಂದು ಹೆಂಡತಿ ನಕ್ಕಿದ್ದಳು. ಮರುದಿನ ದ್ವೀಪದ ಫೋನುಗಳೆಲ್ಲ ನಿಂತಿವೆಯೆಂದು ದೋಣಿ ನಿಲ್ಲುವ ದಕ್ಕೆಯಲ್ಲಿ ಸುದ್ದಿಯಾದಾಗ, ತಾನು ಕೊಯ್ದದ್ದು ಆ ಫೋನುಗಳ ಕೇಬಲ್ಲೆಂದು ಅವನಿಗೆ ಹೊಳೆದಿತ್ತು. ಹೇಳಿದರೆ ದೋಣಿ ಕಿತ್ತುಕೊಂಡಾರು ಎಂದು ಬಾಯಿಗೆ ಬೀಗ ಹಾಕಿಕೊಂಡಿದ್ದ.

"ಏನಾದ್ರೂ ಮಾತಾಡಿ ಮಾವ."

ಅವನು ಬಾಯಿ ತೆರೆದ. ಅಷ್ಟರಲ್ಲಿ ಗಾಳಿ ಬೀಸಿ ತುಂಡು ಉರುಳಿತು, ಬಾಗಿಲು ಮುಚ್ಚಿಕೊಂಡಿತು. ಅಳಿಯ ಎದ್ದು ಬಾಗಿಲನ್ನು ಪೂರ್ತಿ ತೆರೆದ. ಬಗ್ಗಿ ತುಂಡನ್ನು ಎತ್ತಿಕೊಂಡು ಅದೇ ಜಾಗದಲ್ಲಿಟ್ಟು, ಮತ್ತೆ ಜಾರದಂತೆ ಹಿಮ್ಮಡಿಯಿಂದ ಗಟ್ಟಿಯಾಗಿ ಒತ್ತಿದ.

"ತೆರೆದೇ ಇರಲಿ," ಎಂದ. "ಅವಳನ್ನ ಹೊತ್ಕೊಂಡು ಬರ್ತಿದಾರೆ."